ಅತಿಥಿ ವಾದಕನೂ ಮೈಸೂರಿನ ಆತಿಥ್ಯವೂ

ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂದೊಡನೆ ಕನ್ನಡ ವಿದ್ವಾಂಸರ ನೆನಪಿಗೆ ಮೊದಲು ಬರುವುದು ಅವರ ಹೆಸರಿನಲ್ಲಿ ಪ್ರಕಟವಾದ ಗ್ರಂಥರತ್ನಮಾಲೆ. ವೇದಪುರಾಣಗಳು ಸಂಸ್ಕೃತ ಮೂಲದೊಡನೆ ಕನ್ನಡದ ಅನುವಾದವನ್ನೂ ಹೊತ್ತು ಸಾಮಾನ್ಯ ಓದುಗನ ಕೈಸೇರಿದುದು ಆ ಮಾಲೆಯ ದೆಸೆಯಿಂದ. ಸಂಗೀತವನ್ನು ಬಲ್ಲವರಾದರೆ ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಅವರು ರಚಿಸಿದ 94 ಕೃತಿಗಳನ್ನು ಸ್ಮರಿಸುತ್ತಾರೆ. ಇವೆರಡೂ ನಾಡಿಗೆ ತಿಳಿದ ಸಂಗತಿಗಳೇ. ಆದರೆ ಅದೇ ದೊರೆಗಳು, ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ, ಲಂಡನ್ ನಗರದಲ್ಲಿ ನೆಲೆಸಿದ್ದ ವೃದ್ಧ ರಷ್ಯನ್ ಪಿಯಾನೋ ವಾದಕನೊಬ್ಬನಿಗೆ ಮಾಡಿದ ಉಪಕಾರದ ಕಥೆ ಕನ್ನಡದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕೇಳಿಬಂದಾಗಲೂ ಎರಡು ಬಗೆಯಾಗಿ ಬರುತ್ತದೆ. ‘ನಮ್ಮ ಮಹಾರಾಜರ ಹೆಸರು ಲಂಡನ್ನಿನವರೆಗೂ ಹಬ್ಬಿತ್ತು’ ಎಂದು ಬೀಗುವವರು ಕೆಲವರು. ‘ಬಡ ರೈತನ ಕಂದಾಯದ ಹಣ ಪರದೇಶದ ವಾದ್ಯಕ್ಕೆ ಹೋಯಿತು’ ಎಂದು ಮರುಗುವವರು ಕೆಲವರು. ಇವೆರಡೂ ಮಾತುಗಳಲ್ಲಿ ಸಂಗೀತದ ವಿಚಾರ ಒಂದಿಷ್ಟೂ ಇಲ್ಲದಿರುವುದು ಗಮನಿಸತಕ್ಕ ಅಂಶ. ಆ ಉಪಕಾರದಿಂದ ಉಳಿದುದೇನು ಎಂಬುದನ್ನು ವಿಚಾರಿಸದೆ ಹೊಗಳಿದರೂ ಒಂದೇ, ತೆಗಳಿದರೂ ಒಂದೇ.

ಮೊದಲು ಆ ಸಂಗೀತಪ್ರಕಾರದ ಸ್ವರೂಪವನ್ನು ತಿಳಿಯುವುದು ಯುಕ್ತ. ಪಾಶ್ಚಾತ್ಯರ ವಾದ್ಯವೃಂದವೆಂದರೆ ಎಪ್ಪತ್ತು ಎಂಬತ್ತು ಮಂದಿ ವಾದಕರ ಒಂದು ದೊಡ್ಡ ಸಂಸಾರ. ಪಿಟೀಲಿನ ಜಾತಿಯ ತಂತಿವಾದ್ಯಗಳು, ಕೊಳಲಿನ ಜಾತಿಯವು, ಕಹಳೆಯ ಜಾತಿಯವು, ಭೇರಿಯ ಜಾತಿಯವು ಎಂದು ಅದರಲ್ಲಿ ನಾಲ್ಕು ಕುಲಗಳು. ಇವರೆಲ್ಲರ ಮುಂದೆ ಕಡ್ಡಿಯೊಂದನ್ನು ಹಿಡಿದು ನಿಲ್ಲುವ ನಿರ್ದೇಶಕನು ತಾನು ಒಂದು ಸ್ವರವನ್ನೂ ನುಡಿಸುವುದಿಲ್ಲ. ಆದರೂ ಅವನ ಕೈ ಅಲುಗದೆ ಒಂದು ಸ್ವರವೂ ಹೊರಡುವುದಿಲ್ಲ. ಈ ವೃಂದದೊಡನೆ ಒಂದು ವಾದ್ಯವನ್ನು ಮುಂದಿಟ್ಟು ರಚಿಸಿದ ಕೃತಿಗೆ ಕಾನ್ಚೆರ್ಟೊ ಎಂದು ಹೆಸರು. ಮುಂದೆ ಕುಳಿತು ನುಡಿಸುವವನು ಸಾಮಾನ್ಯವಾಗಿ ಆ ವೃಂದಕ್ಕೆ ಸೇರಿದವನಲ್ಲ, ಅತಿಥಿ. ಒಂದೆರಡು ದಿನ ಅಭ್ಯಾಸಕ್ಕೆ ಬರುತ್ತಾನೆ, ಕಚೇರಿಯ ದಿನ ನುಡಿಸುತ್ತಾನೆ, ಮತ್ತೊಂದು ಊರಿಗೆ ಹೊರಡುತ್ತಾನೆ. ಆ ಅಲ್ಪಕಾಲದಲ್ಲಿಯೇ ಆತಿಥೇಯರ ಉಸಿರಿಗೆ ತನ್ನ ಉಸಿರನ್ನು ಹೊಂದಿಸಿಕೊಳ್ಳಬೇಕು.

ಪಿಯಾನೋ ವಾದಕನಿಗಾದರೋ ಈ ಕಷ್ಟ ಇಮ್ಮಡಿ. ಪಿಯಾನೋದ ಒಡಲಲ್ಲಿ ಇನ್ನೂರಕ್ಕೂ ಮಿಕ್ಕ ಉಕ್ಕಿನ ತಂತಿಗಳನ್ನು ಎರಕದ ಕಬ್ಬಿಣದ ಚೌಕಟ್ಟಿಗೆ ಬಿಗಿದಿರುತ್ತಾರೆ. ಹೊರಗಿನ ಬಿಳಿ ಕಪ್ಪು ಪಟ್ಟಿಗಳು 88. ಒಂದನ್ನು ಒತ್ತಿದರೆ ಒಳಗೆ ಉಣ್ಣೆಯ ಹೊದಿಕೆಯ ಸುತ್ತಿಗೆಯೊಂದು ತಂತಿಯನ್ನು ಹೊಡೆದು ಹಿಂದಕ್ಕೆ ಸರಿಯುತ್ತದೆ. ಹೊಡೆದ ಕ್ಷಣದಿಂದಲೇ ನಾದ ಕ್ಷೀಣಿಸತೊಡಗುತ್ತದೆ. ಪಿಟೀಲಿನ ಕಮಾನಿನಂತೆ ಅದನ್ನು ಎಳೆದು ಬೆಳೆಸುವ ಉಪಾಯವಿಲ್ಲ; ವೀಣೆಯ ತಂತಿಯನ್ನು ಮೆಟ್ಟಿಲಿನ ಮೇಲೆ ಓರೆಗೆ ಎಳೆದು ಗಮಕವನ್ನು ತರುವಂತೆ ಇಲ್ಲಿ ಸ್ವರವನ್ನು ಬಾಗಿಸುವುದೂ ಅಸಾಧ್ಯ. ಸ್ವರ ನಿಂತಲ್ಲಿಯೇ ನಿಲ್ಲುತ್ತದೆ. ಈ ಕೊರತೆಯನ್ನು ಮರೆಸುವಂತೆ, ಒಂದರ ಹಿಂದೊಂದು ಸಾಯುತ್ತಿರುವ ಸ್ವರಗಳಿಂದ ಹಾಡೊಂದು ಹರಿಯುತ್ತಿದೆಯೆಂಬ ಭ್ರಾಂತಿಯನ್ನು ಹುಟ್ಟಿಸುವುದೇ ಪಿಯಾನೋ ವಾದಕನ ವಿದ್ಯೆ. ಅದನ್ನು ಎಪ್ಪತ್ತು ಮಂದಿಯ ನಾದದ ನಡುವೆ ಸಾಧಿಸಬೇಕು.

ಕರ್ಣಾಟಕ ಸಂಗೀತದಲ್ಲಿ ಬೆಳೆದವರು ಗಮಕವಿಲ್ಲದ ಈ ವಾದ್ಯವನ್ನು ಕಂಡು ಮುಖ ತಿರುಗಿಸುವುದು ಸಹಜ. ಆದರೆ ಒಡೆಯರು ಹಾಗೆ ಮಾಡಲಿಲ್ಲ. ವೀಣೆಯ ವೆಂಕಟಗಿರಿಯಪ್ಪನವರಂತಹ ವಿದ್ವಾಂಸರಿದ್ದ ಆಸ್ಥಾನದಲ್ಲಿ ಅವರು ಬೆಳೆದರು. ಜೊತೆಗೆ ಪಿಯಾನೋವನ್ನೂ ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದರು. ಕಚೇರಿ ನುಡಿಸುವ ಪಿಯಾನೋ ವಾದಕರಾಗಬೇಕೆಂಬುದು ಯೌವನದಲ್ಲಿ ಅವರಿಗಿದ್ದ ಬಯಕೆ. 1940ರಲ್ಲಿ ತಂದೆಯವರೂ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ಗತಿಸಿದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನದ ಹೊಣೆ ತಲೆಯ ಮೇಲೆ ಬಿದ್ದಿತು. ಪಿಯಾನೋ ಅರಮನೆಯ ಗೋಡೆಗಳ ಒಳಗೇ ಉಳಿಯಿತು. ಅಷ್ಟಾದರೂ ಅವರು ಅಭ್ಯಾಸವನ್ನು ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಮುಂದೆ ನಡೆದುದನ್ನು ಅರಿಯಲು ಈ ಹಿನ್ನೆಲೆ ಅತ್ಯವಶ್ಯಕ. ಕೊಟ್ಟವರು ಕೇವಲ ಧನಿಕರಲ್ಲ. ತಾವು ಆಗಬೇಕೆಂದಿದ್ದುದನ್ನು ಆಗಲಾರದೆ ಹೋದ ವಾದಕರು.

ಅತ್ತ ನಿಕೊಲಾಯ್ ಮೆಟ್ನರ್ ಎಂಬವನು 1880ರ ಜನವರಿಯಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದವನು. ಲೋಕವಿಖ್ಯಾತನಾದ ರಾಖ್ಮಾನಿನೋವನ ಸಮಕಾಲೀನ, ಆಪ್ತಮಿತ್ರ. ಒಬ್ಬರಿಗೊಬ್ಬರು ಒಂದೊಂದು ಕಾನ್ಚೆರ್ಟೊವನ್ನು ಅಂಕಿತ ಮಾಡಿದಷ್ಟು ಗಾಢವಾದ ಸ್ನೇಹ. ರಷ್ಯದ ಕ್ರಾಂತಿಯ ಬಳಿಕ, 1921ರಲ್ಲಿ, ಮೆಟ್ನರನು ಪತ್ನಿಯೊಡನೆ ದೇಶವನ್ನು ಬಿಟ್ಟನು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಕೆಲಕಾಲ ಇದ್ದು ಕೊನೆಗೆ ಲಂಡನ್ನಿನಲ್ಲಿ ಸಣ್ಣ ಮನೆ ಮಾಡಿದನು. ಅವನು ಬರೆದ ಕೃತಿಗಳಲ್ಲಿ ಪಿಯಾನೋ ಇಲ್ಲದ್ದು ಒಂದೂ ಇಲ್ಲವೆಂದರೂ ಸಲ್ಲುತ್ತದೆ. ಹೊಸತನದ ಹೆಸರಿನಲ್ಲಿ ರಾಗಬದ್ಧತೆಯನ್ನೇ ಕಿತ್ತೊಗೆಯುವುದು ಆ ಕಾಲದ ಸಂಗೀತಗಾರರಿಗೆ ಫ್ಯಾಷನ್ ಆಗಿತ್ತು. ಅದನ್ನು ಖಂಡಿಸಿ ಅವನು 1935ರಲ್ಲಿ ಒಂದು ಪುಸ್ತಕವನ್ನೇ ಬರೆದನು. ರಾಖ್ಮಾನಿನೋವನೇ ಮುಂದೆ ನಿಂತು ಅದನ್ನು ಪ್ರಕಟಪಡಿಸಿದನು. ಇಂಥವನನ್ನು ಹಳೆಯ ಕಾಲದವನೆಂದು ವಿಮರ್ಶಕರು ಬದಿಗಿಟ್ಟುದರಲ್ಲಿ ಆಶ್ಚರ್ಯವೇನೂ ಇಲ್ಲ. ಪರಂಪರೆಯಲ್ಲಿ ನಿಂತು ಹೊಸದನ್ನು ಹೇಳುವವನಿಗೆ ಎರಡು ಕಡೆಯಿಂದಲೂ ಪೆಟ್ಟು. ಹೊಸಬರಿಗೆ ಅವನು ಹಳಬ. ಹಳಬರಿಗೆ ಅವನ ಜಟಿಲವಾದ ಲಯವಿನ್ಯಾಸ ಅರ್ಥವಾಗದು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪ ವರಮಾನವೂ ನಿಂತುಹೋಯಿತು. ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ ವಾರಿಕ್‌ಷೈರ್ ಪ್ರಾಂತದಲ್ಲಿ ಎಡ್ನಾ ಐಲ್ಸ್ ಎಂಬ ಪಿಯಾನೋ ವಾದಕಿಯ ಕುಟುಂಬದವರು ಆ ವೃದ್ಧ ದಂಪತಿಗಳಿಗೆ ಆಶ್ರಯವಿತ್ತರು. ಅಲ್ಲಿ ಅವನು ಬರೆದುದು ತನ್ನ ಮೂರನೆಯ ಮತ್ತು ಕೊನೆಯ ಪಿಯಾನೋ ಕಾನ್ಚೆರ್ಟೊ.

ಆ ಕೃತಿಯ ಮೊದಲ ಕಚೇರಿ ನಡೆದುದು 1944ನೆಯ ಫೆಬ್ರವರಿ 19ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ನಗರದ ಪ್ರಖ್ಯಾತ ಸಂಗೀತಮಂದಿರವಾಗಿದ್ದ ಕ್ವೀನ್ಸ್ ಹಾಲ್ 1941ರ ಮೇ ತಿಂಗಳಲ್ಲಿ ಬಾಂಬಿಗೆ ಆಹುತಿಯಾಗಿದ್ದುದರಿಂದ ದೊಡ್ಡ ಕಚೇರಿಗಳೆಲ್ಲ ಈ ವಿಶಾಲವಾದ ಗುಂಡು ಕಟ್ಟಡಕ್ಕೆ ಬಂದಿದ್ದವು. ಐದು ಸಾವಿರ ಜನ ಹಿಡಿಯುವ ಆ ಗುಮ್ಮಟದ ಪ್ರತಿಧ್ವನಿ ಆಗ ಕುಪ್ರಸಿದ್ಧವಾಗಿತ್ತು. ನುಡಿಸಿದ ಸ್ವರವೇ ಮರಳಿ ಬಂದು ಮುಂದಿನ ಸ್ವರದೊಡನೆ ಜಗಳವಾಡುತ್ತಿತ್ತು. ಜರ್ಮನ್ ವಿಮಾನಗಳು ಮತ್ತೆ ರಾತ್ರಿಯ ದಾಳಿಗೆ ತೊಡಗಿದ್ದ ತಿಂಗಳದು. ವಾದ್ಯವೃಂದ ಲಂಡನ್ ಫಿಲ್ಹಾರ್ಮೋನಿಕ್. ನಿರ್ದೇಶಕ ಏಡ್ರಿಯನ್ ಬೋಲ್ಟ್. ಅತಿಥಿ ವಾದಕ ಅರವತ್ತನಾಲ್ಕು ವರ್ಷದ ಮೆಟ್ನರನೇ. ದೇಶಕ್ಕೂ ಅತಿಥಿ, ವೃಂದಕ್ಕೂ ಅತಿಥಿ.

ಕೃತಿಯ ವಿಷಯ ಕನ್ನಡದ ಓದುಗರಿಗೆ ರುಚಿಸುವಂಥದು. ಇದಕ್ಕೆ ಅವನು ‘ಬಲ್ಲಾಡ್’, ಅಂದರೆ ಕಥನಗೀತೆ, ಎಂದು ಉಪನಾಮವನ್ನಿತ್ತನು. ರಷ್ಯದ ಕವಿ ಲೆರ್ಮಂತೋವನ ‘ರುಸಾಲ್ಕಾ’ ಎಂಬ ಕವನ ಇದರ ಮೂಲಪ್ರೇರಣೆ. ಹುಣ್ಣಿಮೆಯ ಬೆಳಕಿನಲ್ಲಿ ನದಿಯಲ್ಲಿ ಈಜುವ ಜಲಕನ್ಯೆ; ನದಿಯ ತಳದಲ್ಲಿ ಅಲೆಗಳಿಗೆ ಬಲಿಯಾಗಿ ಮಲಗಿದ ವೀರ; ಅವಳು ಮುತ್ತಿಟ್ಟರೂ ಅವನು ಮಾತನಾಡುವುದಿಲ್ಲ. ಕವಿಯ ಕವನ ಅಲ್ಲಿಗೆ ನಿಲ್ಲುತ್ತದೆ. ಮೆಟ್ನರನು ಅಲ್ಲಿಗೆ ನಿಲ್ಲಿಸಲೊಲ್ಲದೆ ಕಥೆಯನ್ನು ಮುಂದುವರಿಸುತ್ತಾನೆ. ಮಲಗಿದ್ದ ವೀರನನ್ನು ಎಬ್ಬಿಸುತ್ತಾನೆ. ಮೂರು ಭಾಗಗಳು ನಡುವೆ ಬಿಡುವಿಲ್ಲದೆ ಒಂದರೊಳಗೊಂದು ಹರಿಯುತ್ತವೆ; ನಡುವಣದು ಒಂದು ಸೇತುವೆಯಷ್ಟು ಚಿಕ್ಕದು. ಕವಿಯು ಮುಗಿಸಿದ ಕಥೆಯನ್ನು ಬೇರೊಬ್ಬನು ಬೆಳೆಸಬಹುದೆ ಎಂದು ಕೇಳುವವರಿದ್ದಾರೆ. ಕನ್ನಡಿಗರಿಗಂತೂ ಈ ಸಂದೇಹ ಬರಬಾರದು. ಪಂಪನ ಭಾರತವೂ ಕುಮಾರವ್ಯಾಸನ ಭಾರತವೂ ವ್ಯಾಸಭಾರತವನ್ನು ಇದ್ದಂತೆಯೇ ಬಿಟ್ಟಿವೆಯೆ?

ಮೈಸೂರಿನ ನೆರವು ಈ ವಾದಕನಿಗೆ ದೊರೆತುದು ಯುದ್ಧ ಮುಗಿದ ಮೇಲೆ. ಒಡೆಯರ ಧನಸಹಾಯದಿಂದ ಎಚ್.ಎಂ.ವಿ. ಸಂಸ್ಥೆಯು ‘ಮೆಟ್ನರ್ ಸೊಸೈಟಿ’ ಎಂಬ ಹೆಸರಿನಲ್ಲಿ ಅವನ ಕೃತಿಗಳ ಧ್ವನಿಮುದ್ರಣವನ್ನು ಕೈಗೊಂಡಿತು. ಮೂರು ಕಾನ್ಚೆರ್ಟೊಗಳೂ 1947ರಲ್ಲಿ ಮುದ್ರಿತವಾದವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಈಸಾಯ್ ದೊಬ್ರೋವೆನ್ ನಿರ್ದೇಶಕರು, ವಾದ್ಯವೃಂದ ಫಿಲ್ಹಾರ್ಮೋನಿಯಾ, ಪಿಯಾನೋ ಮೆಟ್ನರನದೇ. ಗೀತೆಗಳು, ಬಿಡಿ ಪಿಯಾನೋ ಕೃತಿಗಳು, ಪಿಟೀಲಿನ ಸೊನಾಟಾ ಮೊದಲಾದವೂ ಸೇರಿ ಮೂರು ಸಂಪುಟಗಳಾದವು. ಮೂರನೆಯ ಕಾನ್ಚೆರ್ಟೊವನ್ನು ಅವನು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಒಂದು ತಮಾಷೆಯ ಸಂಗತಿಯೂ ಉಂಟು. ಅವನ ಬಿಡಿ ಪಿಯಾನೋ ರಚನೆಗಳಲ್ಲಿ ಬಹು ಪ್ರಸಿದ್ಧವಾದವುಗಳಿಗೆ ಅವನಿಟ್ಟ ಹೆಸರು ‘ಸ್ಕಾಜ್ಕಿ’; ಅಜ್ಜಿಕಥೆಗಳು ಎಂದರ್ಥ. ದೂರದೇಶದ ದೊರೆಯೊಬ್ಬರು ಕೇಳದೆಯೇ ಹಣ ಕಳುಹಿಸುವುದು ಅಂಥ ಕಥೆಗಳಲ್ಲಿಯೇ ಹೊರತು ಲಂಡನ್ನಿನ ಬಾಡಿಗೆ ಮನೆಗಳಲ್ಲಿ ನಡೆಯುವ ಸಂಗತಿಯಲ್ಲ.

ನೆರವು ಒಬ್ಬನಿಗೇ ನಿಲ್ಲಲಿಲ್ಲ. ಫಿಲ್ಹಾರ್ಮೋನಿಯಾ ವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಎಂಬಾತನು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಮಹಾರಾಜರ ಸಹಾಯ ದೊರೆತುದನ್ನು ಸ್ಮರಿಸಿದ್ದಾನೆ. ಆಗಿನ ವಿನಿಮಯದ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು 1,33,000 ರೂಪಾಯಿ. ಆ ವೃಂದದ ಕಚೇರಿಗಳನ್ನು ನಡೆಸುತ್ತಿದ್ದ ಸಂಘಕ್ಕೆ 1948ರಲ್ಲಿ ಒಡೆಯರು ಮೊದಲ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಸಾಯುವ ಮುನ್ನ ಬರೆದ ನಾಲ್ಕು ಗೀತೆಗಳು 1950ನೆಯ ಮೇ 22ರಂದು ಮೊದಲ ಬಾರಿಗೆ ಲೋಕಕ್ಕೆ ಕೇಳಿಸಿದುದೂ ಅದೇ ವೃಂದದ ಕಚೇರಿಯಲ್ಲಿ, ಅದೇ ಆಲ್ಬರ್ಟ್ ಹಾಲಿನಲ್ಲಿ, ಒಡೆಯರ ಸಹಾಯದಿಂದಲೇ.

ಇನ್ನು ಆಕ್ಷೇಪದ ವಿಚಾರ. ಅದನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ಮೆಟ್ನರನ ಕಾನ್ಚೆರ್ಟೊಗಳು ಲಂಡನ್ನಿನಲ್ಲಿ ಮುದ್ರಿತವಾದ 1947ರಲ್ಲಿಯೇ, ಸೆಪ್ಟೆಂಬರ್ ತಿಂಗಳಲ್ಲಿ, ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯುತ್ತಿತ್ತು. ವಿದ್ಯಾರ್ಥಿಗಳು ಶಾಲೆ ಬಿಟ್ಟು ಬೀದಿಗಿಳಿದಿದ್ದರು, ಸೆರೆಮನೆಗಳು ತುಂಬಿದ್ದವು. ಅಕ್ಟೋಬರಿನಲ್ಲಿ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿದ ಮೇಲೆಯೇ ಆ ಬೇಗೆ ಆರಿದುದು. ಯುದ್ಧಕಾಲದ ಧಾನ್ಯದ ಅಭಾವವೂ ಜನರ ಬೆನ್ನು ಬಿಟ್ಟಿರಲಿಲ್ಲ. ಅರಮನೆಯ ಹಣವೆಂದರೆ ಎಲ್ಲಿಂದ ಬಂದ ಹಣ ಎಂದು ಪ್ರಜೆ ಕೇಳಿದ್ದರೆ ಆ ಪ್ರಶ್ನೆ ಸಾಧುವಾದುದೇ. ರಾಜನ ರಸಿಕತೆಯು ಆ ಪ್ರಶ್ನೆಗೆ ಉತ್ತರವಾಗಲಾರದು. ಉತ್ತರವಾದುದು ಅಧಿಕಾರವನ್ನು ಪ್ರಜೆಗಳ ಪ್ರತಿನಿಧಿಗಳಿಗೆ ಒಪ್ಪಿಸಿದ ಕ್ರಿಯೆ.

ಆದರೆ ಈ ಆಕ್ಷೇಪವನ್ನು ಎತ್ತುವವರಲ್ಲಿ ಅನೇಕರು ಅರಮನೆಯ ಇತರ ವೆಚ್ಚಗಳ ಮಾತಿಗೆ ಬರುವುದಿಲ್ಲ. ಆನೆ ಕುದುರೆ ಬೇಟೆ ಔತಣಗಳಿಗೆ ಹೋದ ಹಣ ಸಹಜವಾದ ರಾಜವೈಭವ. ಸಂಗೀತಕ್ಕೆ ಹೋದ ಹಣ ಮಾತ್ರ ಪೋಲು! ಗ್ರಂಥರತ್ನಮಾಲೆಗೆ ಹೋದುದೂ ಅದೇ ಬೊಕ್ಕಸದ ಹಣವಲ್ಲವೆ? ಅದರಿಂದ ಕನ್ನಡಕ್ಕೆ ಲಾಭವಾಯಿತು, ಇದರಿಂದ ಏನಾಯಿತು ಎಂದು ಕೇಳಬಹುದು. ಇಲ್ಲಿಯೇ ವಿಷಯದ ತಿರುಳಿರುವುದು.

ಕನ್ನಡದ ಪ್ರಾಚೀನ ಕಾವ್ಯಗಳನ್ನು ಸಂಪಾದಿಸುವವರ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಪ ರನ್ನರ ಕೈಬರಹದ ಓಲೆ ಒಂದೂ ಉಳಿದಿಲ್ಲ. ಇರುವುದು ಪ್ರತಿಯ ಪ್ರತಿ, ಅದರ ಪ್ರತಿ. ಲಿಪಿಕಾರನು ನಿದ್ದೆಗಣ್ಣಿನಲ್ಲಿ ಬಿಟ್ಟ ಒಂದು ಅಕ್ಷರಕ್ಕಾಗಿ ಇಂದಿನ ವಿದ್ವಾಂಸರು ಹತ್ತು ಪುಟ ಚರ್ಚೆ ಬರೆಯಬೇಕು. ಆದರೂ ಕವಿಯ ಮನಸ್ಸಿನಲ್ಲಿದ್ದ ಪಾಠ ಇದೇ ಎಂದು ಆಣೆಯಿಟ್ಟು ಹೇಳಲು ಸಾಧ್ಯವಾಗದು. ಕವಿಯು ತನ್ನ ಕಾವ್ಯವನ್ನು ತಾನೇ ಓದಿದ ಧ್ವನಿಯಂತೂ ಯಾರಿಗೂ ದೊರೆಯುವ ಸಂಭವವಿಲ್ಲ. ಎಲ್ಲಿ ನಿಲ್ಲಿಸುತ್ತಿದ್ದನು, ಯಾವ ಪದಕ್ಕೆ ಒತ್ತು ಕೊಡುತ್ತಿದ್ದನು, ಯಾವ ಕಂದವನ್ನು ಮೆಲ್ಲಗೆ ಹೇಳುತ್ತಿದ್ದನು? ಇವೆಲ್ಲ ಅವನೊಡನೆಯೇ ಹೋದವು. ಸಂಗೀತದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಬರೆದಿಟ್ಟ ಸ್ವರಲಿಪಿ ಹೇಳುವುದು ಅರ್ಧ, ಉಳಿದರ್ಧ ನುಡಿಸುವ ಕೈಯಲ್ಲಿರುತ್ತದೆ. ಮೈಸೂರಿನ ಹಣ ಉಳಿಸಿದುದು ಈ ಉಳಿದರ್ಧವನ್ನು. ವಾಗ್ಗೇಯಕಾರನೇ ವಾದಕನಾಗಿ, ಪೂರ್ಣ ವಾದ್ಯವೃಂದದ ನಡುವೆ ಕುಳಿತು, ತನ್ನ ಮೂರು ಕಾನ್ಚೆರ್ಟೊಗಳಿಗೂ ತಾನೇ ಕೊಟ್ಟ ಪಾಠ ಇಂದಿಗೂ ಕೇಳಲು ಸಿಗುತ್ತದೆ. ನಾಲ್ಕು ವರ್ಷ ತಡವಾಗಿದ್ದರೆ ಸಿಗುತ್ತಿರಲಿಲ್ಲ. ಮೆಟ್ನರನು 1951ನೆಯ ನವೆಂಬರ್ 13ರಂದು ಲಂಡನ್ನಿನಲ್ಲಿಯೇ ತೀರಿಕೊಂಡನು.

ಕರ್ತೃವು ನುಡಿಸಿದ್ದೇ ಕೊನೆಯ ಮಾತು ಎಂದು ಇದರ ಅರ್ಥವಲ್ಲ. ಆ ಹೊತ್ತಿಗೆ ಅವನಿಗೆ ಅರವತ್ತೇಳು ವರ್ಷ, ಹೃದಯ ದುರ್ಬಲವಾಗಿತ್ತು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಸುತ್ತಿದ್ದುದರಿಂದ, ತಡೆಯಿಲ್ಲದೆ ಹರಿಯಬೇಕಾದ ಕೃತಿಯನ್ನು ತುಂಡುತುಂಡಾಗಿ ನುಡಿಸಿ ನಿಲ್ಲಿಸಬೇಕಾಗುತ್ತಿತ್ತು. ನಿಕೊಲಾಯ್ ದೆಮಿದೆಂಕೊ, ಜೆಫ್ರಿ ಟೋಜರ್ ಮೊದಲಾದ ಮುಂದಿನ ಪೀಳಿಗೆಯ ವಾದಕರು ಈ ಕೃತಿಗಳನ್ನು ಹೆಚ್ಚಿನ ಕಸುವಿನಿಂದ, ಉತ್ತಮ ಸಾಧನಗಳ ನೆರವಿನಿಂದ ನುಡಿಸಿ ಮುದ್ರಿಸಿದ್ದಾರೆ. ಕವಿಗಿಂತ ಗಮಕಿ ಚೆನ್ನಾಗಿ ಓದಬಲ್ಲನು. ಅದರಲ್ಲಿ ವಿಶೇಷವೇನೂ ಇಲ್ಲ. ಆದರೂ ಪಾಠದಲ್ಲಿ ಸಂದೇಹ ಬಂದಾಗ ಗಮಕಿ ತಿರುಗಿ ನೋಡಬೇಕಾದುದು ಕವಿಯ ಓಲೆಯನ್ನೇ. ಆ ಓಲೆ ಇದೆ. ಇರುವಂತೆ ಮಾಡಿದ್ದು ಮೈಸೂರು.

ಇನ್ನೊಂದು ಅಂಶವನ್ನು ಹೇಳಲೇಬೇಕು. ಈ ಕೊಡುಗೆಯಲ್ಲಿ ಕೊಟ್ಟವರ ಸ್ತುತಿಗೆ ಎಡೆಯಿರಲಿಲ್ಲ. ಒಡೆಯರ ಮೇಲೆ ಪದ್ಯ ಬರೆಯೆಂದು, ಮೈಸೂರಿನ ರಾಗವೊಂದನ್ನು ಸೇರಿಸೆಂದು ಮೆಟ್ನರನಿಗೆ ಷರತ್ತು ಹಾಕಿದ್ದರೆ ಅದು ಹಳೆಯ ಆಸ್ಥಾನದ ಪದ್ಧತಿಗೆ ಹೊಸದಾಗುತ್ತಿರಲಿಲ್ಲ. ಅವನು ಜಲಕನ್ಯೆಯ ಕಥೆಯನ್ನು ತನಗೆ ತೋರಿದಂತೆಯೇ ಹೇಳಿದನು. ಅದರಲ್ಲಿ ಭಾರತದ ಗಂಧವೂ ಇಲ್ಲ, ಅರಸರ ಹೆಸರು ಅರ್ಪಣೆಯ ಪುಟದಲ್ಲಿ ಬಿಟ್ಟರೆ ಕೃತಿಯಲ್ಲೆಲ್ಲೂ ಇಲ್ಲ. ಕಲೆಯನ್ನು ಪೋಷಿಸುವ ಸಂಸ್ಥೆಗಳು ಇಂದು ಹೆಚ್ಚಿವೆ. ಆದರೆ ಸಹಾಯಧನದ ಅರ್ಜಿಯ ನಮೂನೆ ಕೃತಿಗಿಂತ ಉದ್ದವಾಗಿದೆ, ವೇದಿಕೆಯ ಹಿಂದಿನ ಪರದೆಯಲ್ಲಿ ಕಲಾವಿದನ ಹೆಸರಿಗಿಂತ ದಾನಿಯ ಹೆಸರು ದಪ್ಪವಾಗಿದೆ. ಬಲ್ಲವನು ಕೊಟ್ಟರೆ ಹೇಗೆ ಕೊಡುತ್ತಾನೆಂಬುದಕ್ಕೆ ಮೆಟ್ನರನ ಪ್ರಸಂಗ ಉದಾಹರಣೆಯಾಗಿ ನಿಲ್ಲುತ್ತದೆ.

ಕೊರತೆಯೊಂದು ಉಳಿಯಿತು, ಅದು ದೊಡ್ಡದೇ. ಸೊಸೈಟಿಯ ಸಂಪುಟಗಳು ವಿದೇಶದ ರಸಿಕರ ಸಂಗ್ರಹಗಳನ್ನು ಸೇರಿದಂತೆ ಮೈಸೂರು ಸೀಮೆಯ ಶಾಲಾ ಕಾಲೇಜುಗಳನ್ನು ಸೇರಲಿಲ್ಲ. ಹಣ ಕೊಟ್ಟ ನಾಡಿಗೆ ನಾದ ಕೇಳಿಸಲಿಲ್ಲ. ಈಗ ಆ ನೆಪಕ್ಕೂ ಎಡೆಯಿಲ್ಲ. ಅಂದಿನ ಧ್ವನಿಮುದ್ರಿಕೆಗಳು ಹೊಸ ರೂಪದಲ್ಲಿ ಮತ್ತೆ ಹೊರಬಂದಿವೆ. ಕೈಯಲ್ಲಿ ಹಿಡಿಯುವ ಯಂತ್ರದಲ್ಲಿಯೂ ಕೇಳಬಹುದು. ಮೂರನೆಯ ಕಾನ್ಚೆರ್ಟೊಗೆ ಬೇಕಾದುದು ಸುಮಾರು 35 ನಿಮಿಷ, ಶಾಲೆಯ ಒಂದು ಪಾಠದ ಅವಧಿಗಿಂತ ಕಡಿಮೆ. ಸಂಗೀತದ ಅಧ್ಯಾಪಕರು ಮೊದಲು ಲೆರ್ಮಂತೋವನ ಕಥೆಯನ್ನು ಕನ್ನಡದಲ್ಲಿ ಹೇಳಬೇಕು. ಪಿಯಾನೋ ಯಾವುದು, ವೃಂದ ಯಾವುದು ಎಂದು ಕಿವಿಗೆ ಪರಿಚಯಿಸಬೇಕು. ಆಮೇಲೆ ಮಾತು ನಿಲ್ಲಿಸಿ ಮಕ್ಕಳಿಗೆ ಕೇಳಗೊಡಬೇಕು; ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಹೇಳುವ ಸ್ವಾತಂತ್ರ್ಯವೂ ಅವರಿಗಿರಬೇಕು. ಮಲಗಿದ್ದ ವೀರನು ಯಾವ ಎಡೆಯಲ್ಲಿ ಎದ್ದನೆಂದು ಕೇಳಿದ ಮೇಲೆ ಅವರನ್ನೇ ವಿಚಾರಿಸಬಹುದು.